ಪುಟ್ಟಮ್ಮನನ್ನು ಮೆಲ್ಬರ್ನ್‌ಗೆ ಕರೆಸಿಕೊಂಡದ್ದು

೧೯೯೧ರ ಚಳಿಗಾಲದಲ್ಲಿ, ಬಸುರಿ ಗಿರಿಜಾಗೆ ಏಳು ತಿಂಗಳು ತುಂಬುವ ಹೊತ್ತಿಗೆ, ಅತ್ತೆ ಪುಟ್ಟಮ್ಮ ಮೈಸೂರಿನಿಂದ ಆಸ್ಟ್ರೇಲಿಯಾಕ್ಕೆ ಬಂದರು. ಆದರೆ ಇಳಿದದ್ದು ಸಿಡ್ನಿಯ ಗಿರಾವೀನ್‌ನಲ್ಲಿದ್ದ ಮಗಳು ಅಪರ್ಣಳ ಮನೆಯಲ್ಲಿ. ಅಪರ್ಣಳೂ ತುಂಬು ಬಸುರಿ. ಗಿರಿಜಾ ಇದ್ದದ್ದು ಮೆಲ್ಬರ್ನ್‌ನಲ್ಲಿ.

"ಚೊಚ್ಚಲ ಹೆರಿಗೆ ತಾಯಿ ಹತ್ರ ಅಲ್ವಾ ಆಗ್ಬೇಕು? ನಿನ್ನ ಬಾಣಂತನಕ್ಕೂ ಬರ್ತಾರೆ ಬಿಡು," ಎಂದ ಗಂಡ ತ್ರಿವಿಕ್ರಮ. ಗಿರಿಜಾಳ ತಾಯಿ ಅವಳು ಕಾಲೇಜಿನಲ್ಲಿದ್ದಾಗಲೇ ತೀರಿಕೊಂಡಿದ್ದರು. ಅದು ಅವನಿಗೆ ಆಗ ನೆನಪಿಗೆ ಬರಲಿಲ್ಲ.

ಭಾನುವಾರ ಅಪರ್ಣಳ ಫೋನು ಬರುತ್ತಿತ್ತು. "ಅತ್ತಿಗೆ, ನಿಮಗೂ ಕಾಲು ಊದಿದ್ಯಾ? ಅಮ್ಮ ದಿನಾ ಎಣ್ಣೆ ತಿಕ್ತಾರೆ. ಎದೆ ಉರಿ ಅಂದ್ರೆ ಜೀರಿಗೆ ಕಷಾಯ ರೆಡಿ."

ಗಿರಿಜಾಳ ಕಾಲೂ ಊದಿತ್ತು. ಗಂಡನ ಚಪ್ಪಲಿ ಹಾಕಿಕೊಂಡು ಓಡಾಡುತ್ತಿದ್ದಳು. ಮಲಗಿದರೆ ಹುಳಿತೇಗು, ಎದ್ದರೆ ಸೊಂಟನೋವು, ಗಳಿಗೆಗೊಮ್ಮೆ ಬಚ್ಚಲು. ಮಗು ಪಕ್ಕೆಲುಬಿಗೆ ಒದ್ದಾಗ ತಾನೇ ಕೈಯಿಟ್ಟುಕೊಂಡು ಕೂರುತ್ತಿದ್ದಳು. ಅಪರ್ಣಳ ಸೀಮಂತದ ಫೋಟೋಗಳು ಅಂಚೆಯಲ್ಲಿ ಬಂದವು. ಅಪರ್ಣಳ ಮುಖವನ್ನು ಅವಳು ನೋಡಲೇ ಇಲ್ಲ. ಬಳೆ ತೊಡಿಸುತ್ತಿದ್ದ ಅತ್ತೆಯ ಕೈಗಳನ್ನೇ ನೋಡಿದಳು. ಹೊಟ್ಟೆಯುರಿ ಎಂದರೆ ಏನೆಂದು ಅವತ್ತು ಅವಳಿಗೆ ತಿಳಿಯಿತು.

ಒಂದು ಮಧ್ಯಾಹ್ನ ಹೊಟ್ಟೆ ಕಲ್ಲಿನಂತೆ ಬಿಗಿಯಿತು. ಕ್ಲಿನಿಕ್ಕಿನ ನರ್ಸ್ ಮೊದಲೇ ಹೇಳಿದ್ದಳು, ಕೊನೆಯ ತಿಂಗಳುಗಳಲ್ಲಿ ಹೀಗಾಗುತ್ತದೆ, ಎದ್ದು ಓಡಾಡಿದಾಗ ನಿಂತರೆ ಅದು ಸುಳ್ಳು ನೋವು, ನಿಲ್ಲದೆ ಮತ್ತೆ ಮತ್ತೆ ಬಂದರೆ ಮಾತ್ರ ಹೆರಿಗೆ ನೋವು ಎಂದು. ಗಿರಿಜಾ ಎದ್ದು ಅಡುಗೆಮನೆಯವರೆಗೆ ನಡೆದಳು. ನೋವು ನಿಂತಿತು. ನಿಂತ ಮೇಲೆಯೇ ಗಿರಾವೀನ್‌ಗೆ ಫೋನ್ ಮಾಡಿದಳು.

"ಅತ್ತೆ, ನೋವು ಶುರುವಾಗಿದೆ. ಇನ್ನೂ ದಿನ ತುಂಬಿಲ್ಲ, ನಂಗೆ ಭಯ ಆಗ್ತಿದೆ."

ಹಿಂದಿನಿಂದ ಅಪರ್ಣ "ಯಾರಮ್ಮ ಅದು?" ಎನ್ನುವುದು ಕೇಳಿಸಿತು.

"ಬರ್ತೀನಿ," ಎಂದರು ಪುಟ್ಟಮ್ಮ.

ಇಂಗ್ಲಿಷ್ ಬಾರದ ಹೆಂಗಸು, ಸೀರೆಯ ಮೇಲೆ ಅಳಿಯನ ಕೋಟು ಹಾಕಿಕೊಂಡು, ಒಬ್ಬರೇ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದಿಳಿದರು. ಮನೆಗೆ ಬಂದವರೇ ಗಿರಿಜಾಳ ಹೊಟ್ಟೆಯ ಮೇಲೆ ಅಂಗೈಯಿಟ್ಟು, "ಮಗು ಇನ್ನೂ ಮೇಲೇ ಇದೆ," ಎಂದರು. ಮತ್ತೇನೂ ಕೇಳದೆ ಎಣ್ಣೆ ಬಿಸಿ ಮಾಡಿ ತಂದು ಕಾಲು ತಿಕ್ಕಿದರು. ಅಪರ್ಣಳಿಗೆ ಇವತ್ತು ತಿಕ್ಕುವವರಿಲ್ಲ ಎಂದು ನೆನೆದು ಗಿರಿಜಾಗೆ ಹಾಯೆನಿಸಿತು.

ಮರುದಿನ ಸಂಜೆ ಅಪರ್ಣಳ ಗಂಡ ಬದರಿನಾಥ ಫೋನ್ ಮಾಡಿದ. ಬೆಳಿಗ್ಗೆ ಇದ್ದಕ್ಕಿದ್ದಂತೆ ನೀರು ಹೋಗಿ, ದಿನಕ್ಕೆ ಮುಂಚೆಯೇ ಹೆಣ್ಣುಮಗು ಹುಟ್ಟಿತ್ತು. ಇಬ್ಬರೂ ಕ್ಷೇಮ.

"ನನ್ನ ಕೇಳಿದ್ಲಾ?" ಎಂದರು ಪುಟ್ಟಮ್ಮ. ಅವನು ಏನೆಂದನೋ, ರಿಸೀವರ್ ಇಟ್ಟು ಸೋಫಾದ ಅಂಚಿನಲ್ಲಿ ಕೂತುಬಿಟ್ಟರು.

ಗಿರಿಜಾಗೆ ತಡೆಯಲಾಗಲಿಲ್ಲ. "ಅವತ್ತು ಫೋನ್ ಮಾಡ್ದಾಗ ನಂಗೆ ನೋವಿರ್ಲಿಲ್ಲ ಅತ್ತೆ."

"ಗೊತ್ತು. ಹೊಟ್ಟೆ ಮುಟ್ಟಿದಾಗ್ಲೇ ಗೊತ್ತಾಯ್ತು."

"ಮತ್ತೆ ಯಾಕೆ ಉಳಿದ್ರಿ?"

"ನಿನ್ನ ಕಾಲು ನೋಡ್ದೆ. ಎರಡು ದಿನ ಇದ್ದು ಹೋಗೋಣ ಅಂದ್ಕೊಂಡೆ. ಅಷ್ಟ್ರಲ್ಲಿ ಹೀಗಾಯ್ತು."

ಬೈದಿದ್ದರೆ ವಾಸಿಯಿತ್ತು. ಮರುದಿನ ಗಿರಿಜಾಳೇ ಒತ್ತಾಯ ಮಾಡಿ ಅವರನ್ನು ಬಸ್ಸು ಹತ್ತಿಸಿದಳು. ಮುಂದಿನ ತಿಂಗಳು ಅವಳಿಗೆ ಗಂಡುಮಗು ಹುಟ್ಟಿದಾಗ ಹತ್ತಿರ ತ್ರಿವಿಕ್ರಮ ಒಬ್ಬನೇ ಇದ್ದ. ಪುಟ್ಟಮ್ಮ ಆಮೇಲೆ ಬಂದು ಬಾಣಂತನ ಮಾಡಿದರು. ಆ ಸುಳ್ಳು ನೋವಿನ ಫೋನಿನ ಮಾತನ್ನು ಅಪರ್ಣಳಿಗೆ ಅವರು ಯಾವತ್ತೂ ಹೇಳಲಿಲ್ಲ.

ಗಿರಿಜಾ ಮಾತ್ರ ಪೂರ್ತಿ ಬದಲಾಗಲಿಲ್ಲ. ಮೊಮ್ಮಗನನ್ನು ಮೊದಲ ಸಲ ಎತ್ತಿಕೊಂಡು ಪುಟ್ಟಮ್ಮ, "ಅಪರ್ಣನ ಮಗೂನೂ ಹೀಗೇ ಆಕಳಿಸುತ್ತೆ," ಎಂದಾಗ ಅವಳಿಗೆ ಎದೆಯಲ್ಲಿ ಚುರುಕ್ಕೆಂದಿತು. ಮಗುವಿಗೆ ಹಸಿವಾಗಿದೆ ಎಂದು ಹೇಳಿ ಅವರ ಕೈಯಿಂದ ತೆಗೆದುಕೊಂಡಳು.