ಅಪ್ಪ ಕುಡಿಯದ ಟಾನಿಕ್ಕು

ನಮ್ಮಪ್ಪ ಜೀವಮಾನದಲ್ಲಿ ಒಂದೇ ಒಂದು ಸಲ ಪಟ ತೆಗೆಸಿಕೊಂಡವರು. ತೆಗೆಸಿಕೊಂಡರು ಅನ್ನುವುದೂ ತಪ್ಪು, ಅವರನ್ನು ನಿಲ್ಲಿಸಿ ತೆಗೆದರು. ಮಧುವನಹಳ್ಳಿಯಲ್ಲಿ ನೆಂಟರ ಮದುವೆ ಮುಗಿಸಿಕೊಂಡು ಬರುತ್ತಿದ್ದರಂತೆ. ತಲೆಗೆ ಜರಿಯಂಚಿನ ರುಮಾಲು, ಹೆಗಲಿಗೆ ಶಲ್ಯ, ಹೊಟ್ಟೆ ತುಂಬ ಊಟ. ಕೊಳ್ಳೇಗಾಲದ ಪೇಟೆಯಲ್ಲಿ ಯಾವುದೋ ಔಷಧಿ ಕಂಪನಿಯ ವ್ಯಾನು ನಿಂತಿತ್ತು. ಅದರ ಏಜೆಂಟು ಅಪ್ಪನನ್ನು ಕರೆದು, ಮುಖ ಲಕ್ಷಣವಾಗಿದೆ, ಒಂದು ಪಟ ತೆಗೆದು ಮನೆಗೆ ಕಳಿಸುತ್ತೇನೆ ಎಂದು ಬೀದಿಯ ಹೆಸರು ಬರೆದುಕೊಂಡ. ಬಿಟ್ಟಿ ಪಟವನ್ನು ಯಾರು ಬೇಡವೆನ್ನುತ್ತಾರೆ? ಅಪ್ಪ ಮನೆಗೆ ಬಂದವರೇ ಅದನ್ನು ತೂಗುಹಾಕಲು ಗೋಡೆಯಲ್ಲಿ ಜಾಗವನ್ನೂ ನೋಡಿಟ್ಟರು.

ಪಟ ಬರಲಿಲ್ಲ. ಆರೇಳು ತಿಂಗಳಾದ ಮೇಲೆ ಅವ್ವ ಸಂತೆಯಿಂದ ತಂದ ಕಡಲೆಪುರಿಯನ್ನು ಮೊರಕ್ಕೆ ಸುರಿದರೆ, ಪೊಟ್ಟಣದ ಕಾಗದದಲ್ಲಿ ಅಪ್ಪ ಇದ್ದರು. ನಮ್ಮೂರು ಆಗ ಕೊಯಮತ್ತೂರು ಜಿಲ್ಲೆಗೆ ಸೇರಿದ್ದರಿಂದ ಕನ್ನಡದಲ್ಲೂ ತಮಿಳಿನಲ್ಲೂ ಅಚ್ಚು ಹಾಕಿದ್ದರು. ಅಪ್ಪನಿಗೆ ಓದು ಬಾರದು, ನಾನೇ ಓದಿ ಹೇಳಿದೆ. ಹತ್ತು ವರ್ಷ ಉಬ್ಬಸದಿಂದ ನರಳಿದ ಕೊಳ್ಳೇಗಾಲದ ಈ ನೇಕಾರರು ನಮ್ಮ ಟಾನಿಕ್ಕಿನ ನಾಲ್ಕೇ ಸೀಸೆಗಳಿಂದ ಗುಣಹೊಂದಿ ಈಗ ಹಗಲೆಲ್ಲ ಮಗ್ಗದಲ್ಲಿ ಕೂತು ದುಡಿಯುತ್ತಿದ್ದಾರೆ ಎಂದಿತ್ತು. ಕೆಳಗೆ ನಮ್ಮ ಬೀದಿಯ ಹೆಸರಿತ್ತು.

ಅಪ್ಪನಿಗೆ ನಿಜವಾಗಿ ಕೆಮ್ಮು ಶುರುವಾದದ್ದೇ ಆಗ. "ಕುಡೀದೇನೆ ವಾಸಿಯಾದೋನು ನಾನೊಬ್ನೇ ಕಣ್ ಮಗಾ" ಎಂದು ನಕ್ಕರು. ನಗುತ್ತಲೇ ಕೆಮ್ಮಿದರು.

ಆಮೇಲೆ ಆ ನೋಟೀಸು ಓದಿದ ಜನ ವಿಚಾರಿಸಲು ಬರತೊಡಗಿದರು. ಹನೂರಿನಿಂದ, ಶಾಗ್ಯದಿಂದ, ಗಡಿಯಾಚೆ ಯಳಂದೂರಿನಿಂದಲೂ ಬಂದರು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ, ಅವರನ್ನು ಬೈದು ಫಲವಿಲ್ಲ. ಬಂದವರಿಗೆಲ್ಲ ಅಪ್ಪ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಯಾರೂ ನಂಬಲಿಲ್ಲ. ಶಾಗ್ಯದ ಮುದುಕರೊಬ್ಬರಂತೂ ಅವ್ವ ಕೊಟ್ಟ ಮಜ್ಜಿಗೆ ಕುಡಿದು, ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಗೊಣಗಿಕೊಂಡು ಹೋದರು. ಅಪ್ಪ ಅದೇನೋ ಗುಟ್ಟನ್ನು ಮುಚ್ಚಿಡುತ್ತಿದ್ದಾರೆ ಎಂದು ಅವರ ಲೆಕ್ಕ.

ಟಾನಿಕ್ಕು ಮಾರುವ ಅಂಗಡಿಗೆ ಹೋಗಿ ಅಪ್ಪ ಕೇಳಿದರು. ಅಂಗಡಿಯವನು ಗೋಡೆಗೆ ಅಂಟಿಸಿದ್ದ ನೋಟೀಸನ್ನೂ ಅಪ್ಪನನ್ನೂ ನೋಡಿ, "ಮುಖ ನಿಮ್ದೇ ಸರಿ ಕಣಣ್ಣ. ಪಟ ತೆಗ್ದೋರ್ದು" ಎಂದನಂತೆ. ನಾನು ಕಂಪನಿಗೆ ಕಾರ್ಡು ಬರೆದೆ. ಉತ್ತರವಾಗಿ ಒಂದು ಕಟ್ಟು ನೋಟೀಸು ಬಂತು, ಜೊತೆಗೆ ನಿಮ್ಮೂರಿಗೆ ಏಜೆನ್ಸಿ ಬೇಕೇ ಎಂಬ ಕಾಗದ. ಅಲ್ಲಿಗೆ ನಮಗೂ ಸಾಕಾಯಿತು.

ಬೇಸಿಗೆ ಹೊತ್ತಿಗೆ ಅಪ್ಪನಿಗೆ, ಕಾಲು ಇಳಿಬಿಟ್ಟು ತುಳಿಯುವ ಮಗ್ಗದ ಗುಂಡಿಯಲ್ಲಿ ಕೂರಲಾಗಲಿಲ್ಲ. ನಮ್ಮ ಬೀದಿಯಲ್ಲಿ ಹೆಂಗಸರ ಕೆಲಸ ನೂಲು ಸುತ್ತುವುದು, ಹಾಸಿನ ಎಳೆ ಬಿಡಿಸುವುದು. ಗುಂಡಿಗೆ ಇಳಿಯುವವರು ಗಂಡಸರು. ಆದರೆ ಸಾಹುಕಾರರು ಅಪ್ಪನ ಕೈಯನ್ನು ನಂಬಿ ರೇಷ್ಮೆ ಕೊಟ್ಟಿದ್ದರು. ಕೆಲಸ ನಿಂತರೆ ಒಲೆಯೂ ನಿಲ್ಲುತ್ತಿತ್ತು. ಬಾಗಿಲು ಮುಂದೆ ಮಾಡಿ ನಾನು ಇಳಿದೆ. ಆಗ ನಾನು ಹದಿನೇಳರ ಹುಡುಗಿ. ವಿಷಯ ಹೊರಗೆ ತಿಳಿದರೆ ಸಾಹುಕಾರರು ರೇಷ್ಮೆ ನಿಲ್ಲಿಸುತ್ತಾರೆ ಎಂಬ ಭಯ ಮೂವರಿಗೂ ಇತ್ತು.

ನೇಕಾರರ ಬೀದಿಯಲ್ಲಿ ಯಾರೂ ಒಳಗೆ ಬಂದು ಆರೋಗ್ಯ ವಿಚಾರಿಸುವುದಿಲ್ಲ. ಮಗ್ಗ ಆಡುತ್ತಿದ್ದರೆ ಯಜಮಾನ ಚೆನ್ನಾಗಿದ್ದಾನೆ ಎಂದು ಅರ್ಥ. ಟಾನಿಕ್ಕು ವಿಚಾರಿಸಲು ಬರುವವರೂ ಇದನ್ನು ಕಲಿತುಬಿಟ್ಟರು. ಬೀದಿಯಲ್ಲೇ ನಿಂತು ಸದ್ದು ಕೇಳಿ, ತಲೆಯಾಡಿಸಿ ಹೊರಟುಬಿಡುತ್ತಿದ್ದರು. ನಿಜ ಹೇಳಬೇಕೆಂದರೆ ನಮಗೂ ಅದು ಹಾಯೆನಿಸಿತ್ತು. ಎಷ್ಟು ಜನಕ್ಕೆಂದು ಅದನ್ನೇ ಹೇಳುವುದು, ಎಷ್ಟು ಜನಕ್ಕೆಂದು ಮಜ್ಜಿಗೆ ಕಡೆಯುವುದು.

ಒಂದು ಮಧ್ಯಾಹ್ನ ಅವ್ವ ನೀರಿಗೆ ಹೋಗಿದ್ದಳು. ಕಿಟಕಿಯಲ್ಲಿ ಒಬ್ಬ ಹೆಂಗಸಿನ ಮುಖ ಕಂಡಿತು, ಹಣೆಯ ಮೇಲೆ ಕಾಸಗಲ ಕುಂಕುಮ. ಕೌದಳ್ಳಿಯಿಂದ ಬಂದೆ, ಗಂಡನಿಗೆ ಎದೆ ಕಾಯಿಲೆ ಎಂದಳು. ಕಿಟಕಿ ಎತ್ತರ, ಗುಂಡಿ ತಗ್ಗು, ಬಿಸಿಲಿನಿಂದ ನೋಡುವವರಿಗೆ ಒಳಗೆಲ್ಲ ಕತ್ತಲು. ನಾನು ಅವಳಿಗೆ ಕಾಣುತ್ತಿರಲಿಲ್ಲ. ಯಜಮಾನರು ಇದ್ದಾರಾ ಎಂದು ಕೇಳಿದಳು. ಇದ್ದಾರೆ ಎಂದೆ. ಸುಳ್ಳಲ್ಲ, ಒಳಕೋಣೆಯಲ್ಲಿ ಮಲಗಿದ್ದರು. ಉತ್ತರ ಕೊಡುವಾಗಲೂ ನಾನು ಲಾಳಿ ನಿಲ್ಲಿಸಲಿಲ್ಲ, ನಿಲ್ಲಿಸಿದ್ದರೆ ಗುಟ್ಟು ಬಯಲಾಗುತ್ತಿತ್ತು.

"ನೇಯೋ ಸದ್ದು ಕೇಳ್ತಾ ಅದಲ್ಲ, ಅಷ್ಟೇ ಸಾಕು ಬುಡವ್ವ" ಎಂದಳು. "ಆಸ್ಪತ್ರೆ ಔಸ್ದಿ ಬುಡ್ಸಿ ನಮ್ಮೋರ್ಗೂ ಇದ್ನೇ ಕುಡಿಸ್ತೀನಿ."

ಮುಖ ಮರೆಯಾಯಿತು. ಒಳಗಿನಿಂದ ಅಪ್ಪನ ಕೆಮ್ಮು ಒಮ್ಮೆಲೇ ಕಿತ್ತುಕೊಂಡು ಬಂತು. ಅಷ್ಟು ಹೊತ್ತೂ ಅವರು ಬಾಯಿಗೆ ಟವಲು ತುರುಕಿಕೊಂಡಿದ್ದರು. ಉಸಿರು ಸಿಕ್ಕ ಮೇಲೆ, "ಆಯಮ್ಮನ್ನ ಕರೀಬೇಕಾಗಿತ್ತು ಕಣ್ ಮಗಾ" ಎಂದರು. ಹೊರಟುಹೋದಳು ಎಂದೆ. ಅವಳು ಹತ್ತಬೇಕಾದ ಹನೂರು ಕಡೆಯ ಬಸ್ಸಿಗೆ ಇನ್ನೂ ಗಂಟೆ ಹೊತ್ತಿತ್ತು. ಓಡಿಹೋಗಿ ಹೇಳಬಹುದಾಗಿತ್ತು. ನಾನು ಏಳಲಿಲ್ಲ, ಅಪ್ಪ ಎರಡನೇ ಸಲ ಹೇಳಲಿಲ್ಲ.

ಮಳೆಗಾಲ ಮುಗಿಯುವುದರೊಳಗೆ ಅಪ್ಪ ತೀರಿಕೊಂಡರು. ನೆನಪಿಗೆ ಅವರ ಪಟ ಇನ್ನೊಂದಿರಲಿಲ್ಲ. ಅವ್ವ ಕಂಪನಿಯಿಂದ ಬಂದಿದ್ದ ಆ ಕಟ್ಟಿನಿಂದ ಒಂದು ನೋಟೀಸು ತೆಗೆದು, ಅಕ್ಷರವನ್ನೆಲ್ಲ ಕತ್ತರಿಸಿಹಾಕಿ, ಮುಖಕ್ಕೆ ಚೌಕಟ್ಟು ಹಾಕಿಸಿದಳು. ಅಪ್ಪ ನೋಡಿಟ್ಟಿದ್ದ ಜಾಗದಲ್ಲೇ ಅದನ್ನು ತೂಗುಹಾಕಿದೆವು. ಸಾಹುಕಾರರು ಮಾತನಾಡಿಸಲು ಬಂದಾಗ ಅವ್ವ ಅಳುತ್ತಾ ನಾನು ನೇಯ್ದ ಸಂಗತಿ ಹೇಳಿದಳು. ಅವರು, ಸೀರೆಯ ಸೆರಗು ನೋಡಿದ ಮೊದಲ ದಿನವೇ ಕೈ ಬೇರೆಯೆಂದು ನನಗೆ ಗೊತ್ತಾಗಿತ್ತಲ್ಲ, ನೇಯಲಿ ಬಿಡಿ ಎಂದರು. ನಾವು ಯಾವುದಕ್ಕೆ ಹೆದರಿ ಬಾಯಿ ಮುಚ್ಚಿಕೊಂಡಿದ್ದೆವೋ ಅದು ಇರಲೇ ಇಲ್ಲ. ಅವತ್ತು ನನಗೆ ಸಮಾಧಾನವಾಗಲಿಲ್ಲ.

ಅಲ್ಲಿಂದ ಬಾಗಿಲು ತೆರೆದಿಟ್ಟುಕೊಂಡೇ ನೇಯುತ್ತಿದ್ದೆ. ಹಾಗೆ ನೇಯುತ್ತಿದ್ದ ಒಂದು ದಿನ ಕೌದಳ್ಳಿಯವಳು ಬಂದು ಹೊಸ್ತಿಲಲ್ಲಿ ನಿಂತಳು. ಹಣೆ ಬರಿದಾಗಿತ್ತು. ಗೋಡೆಯ ಮೇಲೆ ಹೂ ಮುಡಿಸಿದ ಅಪ್ಪನ ಮುಖವನ್ನು ನೋಡಿದಳು. ಅಪ್ಪ ಯಾವಾಗ ಹೋದರೆಂದು ಕೇಳಿದಳು, ಅವ್ವ ಹೇಳಿದಳು. ಆಮೇಲೆ ಅವಳ ಕಣ್ಣು ಗುಂಡಿಯೊಳಗಿದ್ದ ನನ್ನ ಮೇಲೆ ಬಿತ್ತು.

"ಅವತ್ತೂ ನೀನೇಯಾ ಮಗಾ, ನೇಯ್ತಾ ಇದ್ದುದ್ದು?"

ಹೂಂ ಎಂದೆ. ಅವಳು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಅವ್ವ ಕೊಟ್ಟ ನೀರು ಕುಡಿದು, ಚೊಂಬನ್ನು ಹೊಸ್ತಿಲ ಮೇಲಿಟ್ಟು, ಬಸ್ಸಿಗೆ ಹೊತ್ತಾಯಿತು ಎಂದು ಹೊರಟಳು.

ಅವಳು ನಮ್ಮ ಬೀದಿ ದಾಟುವವರೆಗೂ ನಾನು ಲಾಳಿ ಹಿಡಿದು ಸುಮ್ಮನೆ ಕೂತಿದ್ದೆ. ಆ ಸದ್ದು ಅವಳ ಕಿವಿಗೆ ಇನ್ನೊಮ್ಮೆ ಬೀಳುವುದು ನನಗೆ ಬೇಡವಾಗಿತ್ತು.