ರಾಯಭಾರಿ ಮೇಡಂ ಮಾಡಿಸಿದ ಮೊದಲ ಕೆಲಸ

ಆಕೆ ಹಳದಿ ಬಟ್ಟೆ ಉಟ್ಟಿದ್ದರು ಎಂದು ನನ್ನ ನೆನಪು. ಆದರೆ ಅದು ಆಯುಧಪೂಜೆಯ ದಿನ. ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಲೇತು, ಡ್ರಿಲ್ಲು, ಮಾಲೀಕರ ಸ್ಕೂಟರು ಎಲ್ಲದರ ಮೇಲೂ ಚೆಂಡುಹೂ. ಆ ಹಳದಿ ಯಾವುದರದ್ದೆಂದು ಈಗ ಆಣೆ ಮಾಡಿ ಹೇಳಲಾರೆ. ಮಾತುಗಳ ಬಗ್ಗೆ ಸ್ವಲ್ಪ ಧೈರ್ಯವಿದೆ, ಅನುವಾದ ಮಾಡುತ್ತಿದ್ದದ್ದು ನಾನೇ. ಮಾಲೀಕರ ಇಂಗ್ಲಿಷು ಬಿಡಿಭಾಗಗಳ ಹೆಸರಿನಾಚೆ ಹೋಗುತ್ತಿರಲಿಲ್ಲ.

ನಾವು ಕರೆಂಟಿನ ಸಣ್ಣ ಎಣ್ಣೆಗಾಣ ಮಾಡುತ್ತಿದ್ದೆವು. ಒಂದಷ್ಟು ಗಾಣಗಳು ಪಶ್ಚಿಮ ಆಫ್ರಿಕಾದ ಆಕೆಯ ದೇಶಕ್ಕೆ ಹೋಗಿದ್ದವು. ಆಕೆ ಅಲ್ಲಿ ಶಾಲೆಯಲ್ಲಿ ಪಾಠ ಹೇಳಿ, ಸಂಸದೆಯಾಗಿ, ಮಂತ್ರಿಯಾಗಿ, ಈಗ ದೆಹಲಿಗೆ ರಾಯಭಾರಿಯಾಗಿ ಬಂದವರು. ಮಂತ್ರಿಯಾಗಿದ್ದಾಗ ಕಡಲೆಕಾಯಿ ಎಣ್ಣೆ ತೆಗೆಯುವ ಹಳ್ಳಿ ಹೆಂಗಸರಿಗೆಂದು ಹಟ ಹಿಡಿದು ಮಂಜೂರು ಮಾಡಿಸಿದ ಗಾಣಗಳು ಅವು. ಕಾಳು ಸುರಿಯುವ ಬಾಯಿ ಹೆಂಗಸರಿಗೆ ಎಟುಕಲಿಲ್ಲ. ಗಂಡಸರಿಗೆ ಎಟುಕಿತು, ಗಾಣವೂ ಎಣ್ಣೆಯ ಸಂಪಾದನೆಯೂ ಅವರ ಪಾಲಾದವು. ಎರಡನೇ ಕಂತು ಇನ್ನೂ ನಮ್ಮ ಶೆಡ್ಡಿನಲ್ಲಿತ್ತು. ಅದೂ ಹಾಗೇ ಹಡಗು ಹತ್ತಿದರೆ ಹೆಂಗಸರಿಗೆ ಆಕೆ ಕೊಟ್ಟ ಮಾತು ಮುಗಿದಂತೆ.

ತೊಳೆದ ಕಾರ್ಖಾನೆ ಚೆನ್ನಾಗಿ ಕಾಣುತ್ತದೆಂದು ಮಾಲೀಕರು ಬೇಕೆಂದೇ ಆಕೆಯನ್ನು ಆ ದಿನ ಕರೆಸಿದ್ದರು. ಪೂಜೆಯಾದ ಯಂತ್ರವನ್ನು ಅಂದು ಓಡಿಸುವಂತಿಲ್ಲ ಎಂಬುದು, ಅತಿಥಿ "ಓಡಿಸಿ ತೋರಿಸಿ" ಎಂದಾಗಲೇ ಅವರಿಗೆ ಹೊಳೆದದ್ದು.

"ಇವತ್ತಾಗಲ್ಲ ಮೇಡಂ. ಪೂಜೆ ಆಗ್ಬಿಟ್ಟಿದೆ."

ಆಕೆ ಮುಖ ಸಿಂಡರಿಸಲಿಲ್ಲ. ಚಪ್ಪಲಿ ಬಿಟ್ಟು ನಮ್ಮ ಕಾರ್ಖಾನೆಯ ಹೆಂಗಸರ ನಡುವೆ ಕೂತು ಕಡ್ಲೆಪುರಿ ತಿಂದರು. ಪ್ಯಾಕಿಂಗ್ ವಿಭಾಗದ, ಕಲಬುರಗಿ ಕಡೆಯ ಹೆಂಗಸೊಬ್ಬರು ನನ್ನನ್ನು ತಿವಿದರು. "ಮಂತ್ರಿ ಇದ್ರಂತ, ಮತ್ತ್ಯಾಕ ಬಿಟ್ರು ಕೇಳ್ರಿ."

"ಚುನಾವಣೆ ಸೋತೆ," ಎಂದರು ಆಕೆ.

"ಸೋತವ್ರಿಗೆ ನಮ್ಮ ಕಡಿ ಮನ್ಯಾಗ ಕೂಡಸ್ತಾರ. ಇವ್ರ ಕಡಿ ಇಷ್ಟ್ ದೂರ ಕಳಸ್ತಾರೇನ್ರಿ?"

ಆಕೆ ಹೊಟ್ಟೆ ಹಿಡಿದು ನಕ್ಕರು. "ಮನೆಯಲ್ಲಿ ಕೂತರೆ ಮತ್ತೆ ಗೆದ್ದುಬಿಡ್ತೀನಿ ಅಂತ ಈಗ ಗೆದ್ದವರಿಗೆ ಭಯ."

ಆಮೇಲೆ ಆ ಹೆಂಗಸನ್ನೇ ಗಾಣದ ಪಕ್ಕ ನಿಲ್ಲಿಸಿ ಕೈ ಎತ್ತಿಸಿದರು. ಹೂವಿನ ಹಾರ ಸಿಕ್ಕಿತು, ಗಾಣದ ಬಾಯಿ ಸಿಗಲಿಲ್ಲ.

"ಅಷ್ಟೇನಾ? ಒಂದೊಂದು ಸ್ಟೂಲ್ ಕೊಟ್ಬಿಡ್ತೀನಿ ಮೇಡಂ, ಫ್ರೀ," ಎಂದರು ಮಾಲೀಕರು.

"ಸ್ಟೂಲು ಮನೆಗೆ ಹೋಗುತ್ತೆ. ಅದರ ಮೇಲೆ ಗಂಡ ಕೂರ್ತಾನೆ."

ನಾನು ಅನುವಾದಿಸುವ ಮೊದಲೇ ಹೆಂಗಸರೆಲ್ಲ ನಕ್ಕರು ಎಂದು ನೆನಪು. ಅದು ಹೇಗೆ ಸಾಧ್ಯ? ಆದರೂ ನೆನಪು ಹಾಗೇ ಹಟ ಮಾಡುತ್ತದೆ.

ಗಾಣದ ಕಾಲು ಗಿಡ್ಡ ಮಾಡಿ ಎಂದು ಆಕೆ ಕೇಳಿದಾಗ ಮಾಲೀಕರು ಡಿಸೈನ್ ಮುಟ್ಟಂಗಿಲ್ಲ ಎಂದರು. ಆಕೆ ವಾದಿಸಲಿಲ್ಲ, ನಾಳೆ ಇಲ್ಲಿ ಏನು ನಡೆಯುತ್ತದೆ ಎಂದು ಕೇಳಿದರು. ಮಾಲೀಕರಿಗೆ ಹುರುಪು ಬಂತು. ನಾಳೆ ವಿಜಯದಶಮಿ, ಮೊದಲ ಕೆಲಸ ಒಳ್ಳೆಯದಾದರೆ ವರ್ಷವಿಡೀ ಹಾಗೇ ನಡೆಯುತ್ತದೆ ಎಂದು ವಿವರಿಸಿದರು.

"ಹಾಗಾದರೆ ಆ ಮೊದಲ ಕೆಲಸ ನನ್ನದಾಗಲಿ. ನಾನೂ ಬರ್ತೀನಿ."

ಹಬ್ಬದ ದಿನ ಬಾಗಿಲಿಗೆ ಬಂದವರಿಗೆ ಇಲ್ಲ ಎನ್ನುವುದು ಮಾಲೀಕರಿಂದಾಗಲಿಲ್ಲ. ಕೊನೆಯ ಪಟ್ಟು ಹಾಕಿದರು. "ಮೊದಲ್ನೇ ಕೆಲ್ಸಾನೇ ಕಾಲು ಕತ್ತರ್ಸೋದಾ ಮೇಡಂ? ಅಪಶಕುನ."

"ಕತ್ತರಿಸಬೇಡಿ. ಹಳೇದು ಬಿಚ್ಚಿಟ್ಟು ಹೊಸ ಕಾಲು ಜೋಡಿಸಿ."

ಮರುದಿನ ಬೆಳಿಗ್ಗೆ ಬಂದರು. ಗಿಡ್ಡ ಕಾಲುಗಳನ್ನು ಬೆಸೆದು ಮುಗಿಸುವವರೆಗೂ ನಿಂತೇ ಇದ್ದರು. ಪ್ಯಾಕಿಂಗ್ ಹೆಂಗಸು ಆರಾಮಾಗಿ ಕಡಲೆಬೀಜ ಸುರಿದರು. ಎಣ್ಣೆ ಮೊದಲು ಬಗ್ಗಡವಾಗಿ, ಆಮೇಲೆ ತಿಳಿಯಾಗಿ ಬಂತು.

ಮಾಲೀಕರು ನನ್ನ ಕಡೆ ತಿರುಗಿದರು. "ಎಲ್ಲಾ ಪೀಸಿಗೂ ಇಂಗೇ ಮಾಡೋಣ. ಎತ್ತರ ಜಾಸ್ತಿ ಅಂತ ನಂಗೆ ಮೊದ್ಲಿಂದ್ಲೂ ಅನ್ಸ್ತಿತ್ತು ಕಣ್ರೀ."

ಇದನ್ನು ಅನುವಾದಿಸಲೋ ಬೇಡವೋ ಎಂದು ತಡವರಿಸಿ, ಇದ್ದಂತೆ ಹೇಳಿದೆ. ಆಕೆ ಒಂದಿಷ್ಟೂ ನಗದೆ ಮಾಲೀಕರ ಕೈ ಕುಲುಕಿದರು.

"ನಿಮ್ಮ ಐಡಿಯಾ ತುಂಬ ಒಳ್ಳೆಯದು. ಯಾವತ್ತು ಮುಗಿಸ್ತೀರಿ?"