ದೊಡ್ಡವ್ವಗ ಕೊಟ್ಟ ಗುಳಗಿ

ನಮ್ಮ ಬನಹಟ್ಟಿ ಓಣ್ಯಾಗ ‘ಇಲ್ಲ’ ಅನ್ನೂದು ಬೈಗುಳಕ್ಕಿಂತ ಕೆಟ್ಟ ಮಾತು. ಹೆಪ್ಪು ಕೇಳಿದ್ರ ಹೆಪ್ಪು, ಉಳ್ಳಾಗಡ್ಡಿ ಕೇಳಿದ್ರ ಉಳ್ಳಾಗಡ್ಡಿ. ಮಗ್ಗಕ್ಕ ಹೊಸ ನೂಲಿನ ಹಾಸು ಏರಿಸಿದ ದಿನ ಮನಿಮನಿಗೂ ಬೆಲ್ಲ-ಕೊಬ್ಬರಿ. ಗುಳಗೀನೂ ಹಂಗ ಹಂಚತಿದ್ವಿ. ನಿನಗ ಮಣಕಾಲ ನೋವೇನು, ನನಗೂ ಅದ, ತಗೊ ಎರಡು. ರೋಗದ ಹೆಸರು ಒಂದ ಇದ್ರ ಔಷಧಾನೂ ಒಂದ ಅಂತ ತಿಳದಿದ್ವಿ. ನಾ ಏನ ಶಾಣ್ಯಾಕಿ ಇರಲಿಲ್ಲ, ಎಲ್ಲಾರಗಿಂತ ಮುಂದ ನಿಂತು ಹಂಚಿದಾಕಿ ನಾನ.

ಎದುರುಮನಿ ದೊಡ್ಡವ್ವ ನನಗ ರಕ್ತಸಂಬಂಧಿ ಅಲ್ಲ. ನಾ ಮುಧೋಳದಿಂದ ಮದವಿಯಾಗಿ ಬಂದಾಗ ಕಂಡಿಕಿಗಿ ನೂಲು ಸುತ್ತಾಕ ಕಲಿಸಿದಾಕಿ, ನನ್ನ ಎರಡೂ ಬಾಣಂತನದಾಗ ನೀರು ಎರದಾಕಿ. ಹೋದ ವರ್ಷ ಶ್ರಾವಣದಾಗ ಅಕಿ ಬಂದು, ‘ನನ್ನ ಸಕ್ಕರಿ ರೋಗದ ಗುಳಗಿ ತೀರ್ಯಾವ, ನಿನ್ನವು ನಾಕು ಕೊಡ ಬೇ’ ಅಂದ್ಲು. ನನಗೂ ಸಕ್ಕರಿ ಐತಿ. ಡಾಕ್ಟರ್ ಬರದ ಚೀಟಿ ನೋಡಲಿಲ್ಲ, ಅಕೀದು ಯಾವ ಗುಳಗಿ ಅಂತ ಕೇಳಲಿಲ್ಲ. ಕತ್ತರಿಲೆ ಕತ್ತರಿಸಿ ಕೊಟ್ಟೆ. ‘ಉಂಡ ಮ್ಯಾಲ ತಗೋರಿ, ಇಲ್ಲಂದ್ರ ಸಕ್ಕರಿ ಇಳದು ಬೆವತು ನಡಗತೀರಿ’ ಅಂತ ಡಾಕ್ಟರ್ ನನಗ ಹೇಳಿದ್ದು ಅಕಿಗಿ ಹೇಳಾಕ ನೆನಪೂ ಆಗಲಿಲ್ಲ.

ಮರುದಿನ ಸೋಮವಾರ. ಶ್ರಾವಣ ಸೋಮವಾರ ನಮ್ಮ ಓಣಿ ಹೆಂಗಸರದು ಒಪ್ಪತ್ತು, ಸಂಜಿ ಪೂಜಿ ಆಗೂತನಕ ಬಾಯಾಗ ಏನೂ ಹಾಕಂಗಿಲ್ಲ. ದೊಡ್ಡವ್ವ ಎಂದೂ ತಪ್ಪಿಸಿದಾಕಿ ಅಲ್ಲ. ಮುಂಜಾನೆ ಬರೇ ನೀರಿನ ಜೋಡಿ ನನ್ನ ಗುಳಗಿ ನುಂಗಿ ರಾಟಿ ಮುಂದ ಕುಂತಾಳ. ಮಧ್ಯಾಹ್ನ ಯಾರೋ ಕೂಗಿದ್ರು ಅಂತ ಓಡಿದೆ. ಮೈಯೆಲ್ಲಾ ಬೆವರು, ಕೈ ನಡಗಾಕತ್ತಾವ, ಮಾತು ತೊದಲಾಕತ್ತೈತಿ. ‘ಉಪಾಸದ ಸುಸ್ತರಿ, ಮಲಗಿಸ್ರಿ’ ಅಂತ ಹೆಂಗಸರು ಸೆರಗಿಲೆ ಗಾಳಿ ಹಾಕತಿದ್ರು.

ಡಾಕ್ಟರ್ ಹೇಳಿದ್ದ ಮಾತು ಆಗ ನೆನಪಾತು. ಸುಸ್ತಲ್ಲ ಇದು, ನನ್ನ ಗುಳಗಿ. ಓಡಿ ಹೋಗಿ ಒಂದ ವಾಟಗಾ ನೀರಿಗಿ ಮುಷ್ಟಿ ಸಕ್ಕರಿ ಕಲಸಿ ತಂದೆ. ದೊಡ್ಡವ್ವ ಹಲ್ಲು ಕಚ್ಚಿ ಹಿಡದ್ಲು. ‘ಪೂಜಿ ಆಗಿಲ್ಲ’ ಅಂದ್ಲು.

‘ಅಕಿ ಉಪಾಸ ಮುರಸಬ್ಯಾಡ, ಪಾಪ ಹತ್ತತೈತಿ’ ಅಂತ ಒಬ್ಬಾಕಿ ನನ್ನ ಕೈ ಹಿಡದ್ಲು.

‘ಹತ್ತಿದ್ರ ನನಗ ಹತ್ತಲಿ, ಕೈ ಬಿಡ’ ಅಂದೆ. ದೊಡ್ಡವ್ವನ ಎಬ್ಬಿಸಿ ಕುಂಡ್ರಿಸಿ, ‘ನುಂಗ ಬೇ, ನುಂಗ’ ಅಂತ ಬೈಕೋತ ಚಮಚಾಲೆ ಹಾಕಿದೆ. ಎಚ್ಚರ ಇತ್ತು, ನುಂಗಿದ್ಲು. ಅಷ್ಟ ಪುಣ್ಯ. ಆಮ್ಯಾಲ ನೂಲು ಹೇರೋ ಟಂಟಂ ರಿಕ್ಷಾದಾಗ ಮಲಗಿಸ್ಕೊಂಡು ದವಾಖಾನಿಗಿ ಹೋದ್ವಿ.

‘ಸಕ್ಕರಿ ಹಾಕಿದ್ದಕ್ಕ ಉಳದಾರ. ಈ ಗುಳಗಿ ಕೊಟ್ಟವ್ರು ಯಾರ್ರೀ?’ ಅಂತ ಉಳದ ಗುಳಗಿ ನೋಡಿ ಡಾಕ್ಟರ್ ಕೇಳಿದ್ರು. ಓಣಿಯ ನಾಕು ಮಂದಿ ಮುಂದ ‘ನಾನರೀ’ ಅಂದೆ. ಅಂಥಾ ನಾಚಿಕಿ ನನ್ನ ಜನ್ಮದಾಗ ಆಗಿರಲಿಲ್ಲ. ಅಕಿಗಿ ಬರದಿದ್ದ ಗುಳಗಿ ಬ್ಯಾರೆ, ನಂದು ಅದಕ್ಕಿಂತ ಜೋರಿಂದು. ಅಕಿಗಿ ಏನರೆ ಆಗಿದ್ರ ನಾ ಯಾವ ಮಾರಿ ಹೊತಗೊಂಡು ಆ ಓಣ್ಯಾಗ ಇರತಿದ್ದೆ?

ಅವತ್ತ ನಿಶ್ಚೆ ಮಾಡಿದೆ. ಗುಳಗಿ ಒಂದ ಬಿಟ್ಟು ಏನ ಬೇಕಾದ್ರೂ ಕೇಳ್ರಿ ಅಂತ ಮನಿಮನಿಗಿ ಹೋಗಿ ಹೇಳಿ ಬಂದೆ. ‘ಭಾಳ ದೊಡ್ಡಾಕಿ ಆಗ್ಯಾಳ’ ಅಂದ್ರು. ಅನ್ನಲಿ. ಅಮಾಸಿಗಿ ಮಗ್ಗ ಬಂದ್ ಇರತಾವಲ್ಲ, ಅವತ್ತ ಗುಳಗಿ ತೀರಿದಾಕಿನ್ನ ಅಕಿದ ಚೀಟಿ ಸಮೇತ ನಾನ ಬಸ್ ಹತ್ತಿಸ್ಕೊಂಡು ಜಮಖಂಡಿ ದವಾಖಾನಿಗಿ ಹೋಗತೇನಿ. ಮೊದಲ ಒಬ್ಬಾಕಿ ಬಂದ್ಲು, ಈಗ ಸೀಟ್ ಹಿಡಿಯಾಕ ಜಗಳ ಆಡತಾರ. ಬುತ್ತಿ ಬಿಚ್ಚಿದ್ರ ಎಲ್ಲಾರ ರೊಟ್ಟಿ ಎಲ್ಲಾರಿಗೂ.

ದೊಡ್ಡವ್ವ ಮಾತ್ರ ಬರಂಗಿಲ್ಲ, ಮಗನ ಜೋಡಿ ಹೋಗಿ ಬರತಾಳ. ಮೈಯಾಗ ಅರಾಮ ಆದ ತಿಂಗಳಿಗಿ ಮಣಕಾಲ ನೋವು ಅಂತ ಬಂದು, ಎಲ್ಲಾರ ಮುಂದ ಕೈ ಚಾಚಿ ಒಂದ ಗುಳಗಿ ಕೇಳಿದ್ಲು. ‘ದವಾಖಾನಿಗಿ ಈಗ ಕರಕೊಂಡ ಹೋಗತೇನಿ, ಗುಳಗಿ ಕೊಡಂಗಿಲ್ಲ’ ಅಂದೆ. ಚಾಚಿದ ಕೈ ಹಿಂದಕ್ಕ ತಗೊಂಡ್ಲು. ‘ನನ್ನ ಉಪಾಸಾನೂ ಕೆಡಿಸಿದಿ, ಈಗ “ಇಲ್ಲ” ಅಂತೂ ಅಂದಿ’ ಅಂದು ಎದ್ದು ಹೋದ್ಲು. ಅವತ್ತಿಂದ ನನ್ನ ಜೋಡಿ ಮಾತಿಲ್ಲ.

ಸಂಕಟ ಆಗತೈತಿ, ಯಾಕ ಸುಳ್ಳ ಹೇಳ್ಲಿ. ಕೊಟ್ಟು ಬಿಡೂಣು, ಒಂದ ಗುಳಗಿ ಅಲ್ಲೇನು ಅಂತ ಎಷ್ಟೋ ಸಲ ಅನಿಸೇತಿ. ಕೊಟ್ಟಿಲ್ಲ, ಕೊಡೂದೂ ಇಲ್ಲ. ಇವತ್ತ ಮುಂಜಾನೆ ತನ್ನ ಬಾಗಿಲ ಮುಂದ ನೀರ ಹಾಕಾಕ ಬಂದ ದೊಡ್ಡವ್ವ ನನ್ನ ನೋಡಿ ಮಾರಿ ತಿರವಿದ್ಲು. ತಿರವಾಕ ಅಕಿ ಇದ್ಲಲ್ಲಾ, ನನಗ ಅಷ್ಟ ಸಾಕು.